ಹಗೇವು ತೆಗೆದ ಮೇಲೆ ಒಂದಿಷ್ಟು ಕಾಯಬೇಕು

ಮಿರಜ ನಿಲ್ದಾಣ

ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಮಗ್ಗಿ ಹೇಳಿಸಿದ ನನ್ನಂಥವಳಿಗೆ ಕೃಷ್ಣಾ ನದಿ ದಾಟಿದರೆ ಸಾಕು, ಅದೇ ಪರದೇಶ. ಹೊರಡುವ ದಿನ ನಮ್ಮತ್ತೆ ಬುತ್ತಿ ಕಟ್ಟಿದ ರೀತಿ ನೋಡಿದರೆ ನಾನು ಹಡಗು ಹತ್ತುತ್ತಿದ್ದೇನೆ ಅನ್ನಿಸಬೇಕು. ಹುಳಿಯನ್ನ ಎರಡು ದಿನಕ್ಕಾಗುವಷ್ಟು, ಮೇಲೆ ಒಂದು ಡಬ್ಬಿ ಚಟ್ನಿಪುಡಿ. "ಮರಾಠಿ ಒಂದಕ್ಷರ ಬರಲ್ಲ, ಅಲ್ಲಿಗೆ ಹೋಗಿ ಏನ್ ಮಾಡ್ತೀಯೆ?" ಎಂದು ಯಜಮಾನರು ಕೇಳಿದರು. "ನಾನು ಹೋಗ್ತಿರೋದು ಕನ್ನಡ ಶಾಲೆಗೆ ಕಣ್ರಿ" ಅಂದೆ. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆ ಇರುತ್ತದೆ ಎಂಬುದನ್ನು ಅವರು ಕೊನೆಯವರೆಗೂ ನಂಬಲಿಲ್ಲ.

ಹೋದದ್ದು ಒಂದು ಜಗಳದ ದೆಸೆಯಿಂದ. ಶಿಕ್ಷಕರ ತರಬೇತಿಯಲ್ಲಿ ಉಪನ್ಯಾಸಕರೊಬ್ಬರು ಹೇಳಿದ್ದರು: ಪಾಠವನ್ನು ಹತ್ತು ಸಲ ಓದಿಸುವುದಕ್ಕಿಂತ ಒಂದೆರಡು ಸಲ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿನಿಂದ ಹೇಳಿಸಿದರೆ ಹೆಚ್ಚು ಕಾಲ ಉಳಿಯುತ್ತದೆ, ಅದನ್ನೂ ಒಂದೇ ದಿನ ತುರುಕಬಾರದು, ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಕೇಳಬೇಕು, ಮನಶ್ಶಾಸ್ತ್ರದವರು ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಿದ್ದಾರೆ. ನನಗೆ ರೇಗಿತು. ಎದ್ದು ನಿಂತು, "ಸಾರ್, ನಮ್ಮ ಶಾಲೆಗೆ ಬನ್ನಿ. ನನ್ನ ಮಕ್ಕಳು ಪಾಠನ ನೀರು ಕುಡಿದಂಗೆ ಒಪ್ಪಿಸ್ತವೆ" ಅಂದೆ. ಅವರು ನಗುತ್ತ, "ಬರ್ತೀನಮ್ಮ, ಪಾಠ ಮುಗಿದು ಎರಡು ತಿಂಗಳಾದ ಮೇಲೆ ಬರ್ತೀನಿ" ಅಂದರು. ಇಡೀ ಸಭೆ ನಕ್ಕಿತು.

ಊರಿಗೆ ಬಂದವಳೇ ದೀಪಾವಳಿಯ ಹೊತ್ತಿಗೆ ಮಾಡಿದ್ದ ಪಾಠದಲ್ಲಿ ಒಂದು ಪ್ರಶ್ನೆ ಕೇಳಿದೆ. ನಲವತ್ತು ಮಕ್ಕಳು ನನ್ನ ಮುಖ ನೋಡಿದ ರೀತಿ ಹೇಗಿತ್ತೆಂದರೆ, ಯಾರದೋ ಮನೆಯ ಬೀಗದ ಕೈ ಇವರನ್ನು ಕೇಳಿದ್ದೆನೇನೋ! ಅವತ್ತು ರಾತ್ರಿ ಅನ್ನ ಸೇರಲಿಲ್ಲ. ಉಪನ್ಯಾಸಕರಿಗೆ ಕಾಗದ ಬರೆದೆ. ಮಿರಜದಲ್ಲಿ ಒಬ್ಬ ಶಿಕ್ಷಕಿ ಇದನ್ನೇ ಮಾಡುತ್ತಿದ್ದಾರೆ, ಹೋಗಿ ನೋಡಿ ಎಂದು ಉತ್ತರ ಬಂತು. ನಮಗೆ ಬೇಸಿಗೆ ರಜೆ ಬಿಟ್ಟಿತ್ತು, ಅವರ ಶಾಲೆ ಇನ್ನೂ ನಡೆಯುತ್ತಿತ್ತು. ಹೊರಟೇಬಿಟ್ಟೆ.

ಮಿರಜದಲ್ಲಿ ಇಳಿದು ಟಾಂಗಾದವನ ಹತ್ತಿರ ನನ್ನ ಹಿಂದಿಯನ್ನು ಪ್ರಯೋಗಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಕ್ಕಾರ, ಕನ್ನಡದಾಗ ಹೇಳ್ರಿ. ನನಗ ಬರೂ ಹಿಂದಿನೂ ಕೆಟ್ಟು ಹೋದೀತು" ಅಂದ. ದಾರಿಯುದ್ದಕ್ಕೂ ಅಂಗಡಿಗಳ ಹಲಗೆ ಮರಾಠಿ, ಒಳಗೆ ತಕ್ಕಡಿ ಹಿಡಿದವರ ಮಾತು ಕನ್ನಡ, ಗಿರಾಕಿ ಬಂದ ಕೂಡಲೇ ಮತ್ತೆ ಮರಾಠಿ. ಗೋಡೆಯ ತುಂಬ ಸಕ್ಕರೆ ಕಾರ್ಖಾನೆಯ ಚುನಾವಣೆಯ ಚೀಟಿ. ಹಾಲಿನದು ಸಹಕಾರಿ, ಗೊಬ್ಬರದ್ದು ಸಹಕಾರಿ, ಎಣ್ಣೆ ಗಾಣದ್ದೂ ಸಹಕಾರಿ. ಕಂಡದ್ದನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತಿದ್ದುದು ಕೇಳಿ ಟಾಂಗಾದವನು ತಿರುಗಿ, "ಇಲ್ಲಿ ಸೊಸಾಯಿಟಿ ಇಲ್ಲದ್ದು ಎರಡೇ ರೀ. ಹುಟ್ಟೋದು, ಸಾಯೋದು" ಅಂದ.

ಮೂರು ಗಡಿಗೆಯ ಶಾಲೆ

ನಾನು ನೋಡಲು ಬಂದ ಶಿಕ್ಷಕಿ ಶಾಂತಾಬಾಯಿಯವರಿಗೆ ನನ್ನಷ್ಟೇ ವಯಸ್ಸು, ನನ್ನ ಅರ್ಧದಷ್ಟು ಮಾತು. ಸಾಂಗಲಿಯ ಪೇಟೆಯಲ್ಲಿ ತಲೆಮಾರುಗಳಿಂದ ಅರಿಶಿನ ವ್ಯಾಪಾರ ಮಾಡುವ ಲಿಂಗಾಯತ ಮನೆತನದ ಮಗಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕೋಲಿಲ್ಲ. ಎರಡನೆಯ ಇಯತ್ತೆ ಅವರದು. ನಮ್ಮಲ್ಲಿ ತರಗತಿ ಅನ್ನುವುದಕ್ಕೆ ಅಲ್ಲಿ ಇಯತ್ತೆ ಅನ್ನುತ್ತಾರೆ.

ಕ್ಲಾಸಿನ ಮೂಲೆಯಲ್ಲಿ ಮೂರು ಮಣ್ಣಿನ ಗಡಿಗೆಗಳಿದ್ದವು. ನೀರಿರಬೇಕೆಂದು ಲೋಟ ಅದ್ದಲು ಹೋದೆ. ಮಕ್ಕಳು ಹೋ ಎಂದು ಕೂಗಿಕೊಂಡವು. ಒಳಗಿದ್ದದ್ದು ಚೀಟಿ! ಪಾಠವಾದ ಮೇಲೆ ಮಕ್ಕಳೇ ಅದರ ಮೇಲೆ ಪ್ರಶ್ನೆ ಬರೆದು ಮೊದಲ ಗಡಿಗೆಗೆ ಹಾಕುತ್ತಾರೆ. ಅದನ್ನು ದಿನಾ ತೆಗೆಯುತ್ತಾರೆ. ಪುಸ್ತಕ ಮುಚ್ಚಿ, ಯಾರ ಸಹಾಯವೂ ಇಲ್ಲದೆ ಉತ್ತರ ಹೇಳಿದರೆ ಆ ಚೀಟಿ ಎರಡನೆಯ ಗಡಿಗೆಗೆ, ಅದನ್ನು ವಾರಕ್ಕೊಮ್ಮೆ ತೆಗೆಯುವುದು. ಅಲ್ಲೂ ಗೆದ್ದರೆ ಮೂರನೆಯದಕ್ಕೆ, ಅದು ತಿಂಗಳಿಗೊಮ್ಮೆ. ಎಲ್ಲಿ ತಪ್ಪಿದರೂ ಚೀಟಿ ವಾಪಸು ಮೊದಲ ಗಡಿಗೆಗೆ. ಮೂರನೆಯ ಗಡಿಗೆಗೆ ಮಕ್ಕಳು ಇಟ್ಟ ಹೆಸರು ಹಗೇವು. ಧಾನ್ಯ ಇಡುವ ನೆಲಮಾಳಿಗೆಯಂಥ ಗುಂಡಿಗೆ ಆ ಕಡೆ ಹಾಗನ್ನುತ್ತಾರೆ.

ನನಗೆ ವಿಚಿತ್ರವೆನಿಸಿದ್ದು ಗಡಿಗೆಯಲ್ಲ, ಪ್ರಶ್ನೆ ಕೇಳಿದ ಮೇಲಿನ ಮೌನ. ಶಾಂತಾಬಾಯಿ ಕೇಳುತ್ತಾರೆ, ಸುಮ್ಮನಾಗುತ್ತಾರೆ. ಹುಡುಗ ತಲೆ ಕೆರೆಯುತ್ತಾನೆ, ಸೂರು ನೋಡುತ್ತಾನೆ, ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೂತಿರುತ್ತದೆ. ನನ್ನ ಕ್ಲಾಸಿನಲ್ಲಿ ಮಗು ತಡವರಿಸಿದರೆ ನಾನು ಮೊದಲಕ್ಷರ ಎತ್ತಿಕೊಟ್ಟುಬಿಡುತ್ತೇನೆ. 'ಕಾ' ಅಂದರೆ ಅದು 'ಕಾವೇರಿ' ಅನ್ನುತ್ತದೆ, ನಾನು 'ಜಾಣ' ಅನ್ನುತ್ತೇನೆ. ಹತ್ತೊಂಬತ್ತು ವರ್ಷದ ಅಭ್ಯಾಸ, ಎಲ್ಲಿ ಹೋಗಬೇಕು? ಮೊದಲ ದಿನವೇ ಒಬ್ಬ ಹುಡುಗ ಆರೇಳಲ ಎಷ್ಟು ಎಂದು ನೆನೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ "ನಲ..." ಅಂದೆ.

"ಪಾವಣೇರು ಹೇಳಿಕೊಟ್ರು! ಪಾವಣೇರು ಹೇಳಿಕೊಟ್ರು!" ಎಂದು ಮಕ್ಕಳೆಲ್ಲ ಎದ್ದು ನಿಂತವು. ಪಾವಣೇರು ಅಂದರೆ ಅತಿಥಿ. ಹೇಳಿಕೊಟ್ಟ ಉತ್ತರ ಅಲ್ಲಿ ಲೆಕ್ಕಕ್ಕಿಲ್ಲ. ಚೀಟಿ ಮೊದಲ ಗಡಿಗೆಗೆ ಬಿತ್ತು. ಆ ಹುಡುಗ ನನ್ನನ್ನು ನೋಡಿದ ನೋಟ, ಅಬ್ಬಾ, ಅವನ ತಟ್ಟೆಯಿಂದ ಹೋಳಿಗೆ ಎತ್ತಿಕೊಂಡವಳನ್ನು ನೋಡಿದ ಹಾಗಿತ್ತು. ನಾನು ನಕ್ಕು ಸುಮ್ಮನಾದೆ. ಅದೇ ತಪ್ಪಾಯಿತು, ಆಗಲೇ ಬುದ್ಧಿ ಕಲಿಯಬೇಕಿತ್ತು.

ಬುಧವಾರದ ಪರೀಕ್ಷೆ

ಆ ಕ್ಲಾಸಿನಲ್ಲಿ ಸುಜಾತಾ ಎಂಬ ಹುಡುಗಿಯಿದ್ದಳು. ಅವಳ ತಂದೆತಾಯಿ ವಿಜಾಪುರದ ಕಡೆಯಿಂದ ಕೂಲಿಗೆಂದು ಬಂದು ಅಲ್ಲೇ ನೆಲೆಯಾದವರು. ಕಬ್ಬಿನ ಹಂಗಾಮಿನಲ್ಲಿ ಕಡಿಯುವವರ ಟೋಳಿಯ ಜೊತೆ ಕಾರ್ಖಾನೆಯ ಕಡೆ ಹೋಗುತ್ತಾರೆ, ಐದು ತಿಂಗಳು ಮಗಳೂ ಜೊತೆಗೆ. ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಹೀಗೆ ಅವಳು ಎರಡು ವರ್ಷದಿಂದ ಎರಡನೆಯ ಇಯತ್ತೆಯಲ್ಲೇ ಕೂತಿದ್ದಳು. ಈ ಸಲವೂ ಕೂರಿಸಿದರೆ ಶಾಲೆ ಬಿಡಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ.

ಈ ಸಲ ಹೊರಡುವಾಗ ಶಾಂತಾಬಾಯಿ ಅವಳ ಕೈಗೆ ಒಂದು ಬಟ್ಟೆಯ ಚೀಲದ ತುಂಬ ಚೀಟಿ ಕೊಟ್ಟಿದ್ದರು. ಅವಳು ಅವುಗಳನ್ನು ಕಬ್ಬಿನ ಗದ್ದೆಯ ಬದಿಯಲ್ಲಿ ಐದು ತಿಂಗಳು ತೆಗೆದು ತೆಗೆದು ಇಟ್ಟಿದ್ದಳು. ಓದು ಉಳಿದಿದೆ, ಮೂರನೆಯ ಇಯತ್ತೆಗೆ ಹಾಕಿ ಎಂದು ಶಾಂತಾಬಾಯಿ ಪಟ್ಟು ಹಿಡಿದಿದ್ದರು.

ಮುಖ್ಯೋಪಾಧ್ಯಾಯರು ಪಾಟೀಲ ಗುರುಗಳು. ದಿನಾ ಬುಧಗಾಂವದಿಂದ ಫಟಫಟಿಯಲ್ಲಿ ಬರುವವರು, ಕೆಟ್ಟವರಲ್ಲ, ಆದರೆ ಹಾಜರಿ ಪುಸ್ತಕ ಅವರ ಪಾಲಿಗೆ ದೇವರು. "ಐದು ತಿಂಗಳ ಗೈರಹಾಜರಿ ರೀ. ಹೆಂಗ ಪಾಸ್ ಮಾಡ್ಲಿ? ಶಾಂತಾಬಾಯಾರಿಗೆ ಹುಡುಗಿ ಮ್ಯಾಲ ಮಾಯಾ. ಅವರು ಕೇಳಬಾರದು. ನೀವು ಹೊರಗಿನವರು, ನೀವು ಕೇಳ್ರಿ, ನಾ ಬರೀತೇನಿ" ಅಂದರು. ಹಗೇವಿನಿಂದ ಐದು ಚೀಟಿ, ನಾಲ್ಕಕ್ಕೆ ಉತ್ತರ ಬರಬೇಕು. ನಾನು ಉಬ್ಬಿಹೋದೆ. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತೆ.

ಸುಜಾತಾ ಬಂದು ನಿಂತಳು. ಒಂಬತ್ತು ವರ್ಷದ ಪೀಚು ದೇಹ, ಬೆರಳ ತುದಿಗಳೆಲ್ಲ ಹಳದಿ. ಮೊದಲ ಮೂರಕ್ಕೆ ಉತ್ತರ ಬಂತು, ನಿಧಾನಕ್ಕೆ ಬಂತು, ಸರಿಯಾಗಿಯೇ ಬಂತು. ನಾಲ್ಕನೆಯದಕ್ಕೆ ಬಹಳ ಹೊತ್ತು ಯೋಚಿಸಿ, "ಗೊತ್ತಿಲ್ರಿ" ಅಂದಳು. ಐದನೆಯ ಚೀಟಿ: ಬೀಜ ಮೊಳೆಯಲು ಏನೇನು ಬೇಕು?

"ನೀರು ಬೇಕ್ರಿ" ಅಂದಳು. ಆಮೇಲೆ, "ಬೆಚ್ಚಗ ಇರಬೇಕ್ರಿ." ಆಮೇಲೆ ನಿಂತಳು. ಕಿಟಕಿಯ ಹೊರಗೆ ನೋಡಿದಳು. ಇದೊಂದು ಬಂದರೆ ಮಗು ಗೆದ್ದಿತು. ಪಾಪ, ಎಷ್ಟು ಹೊತ್ತು ನಿಲ್ಲುತ್ತದೆ? ನನ್ನ ಬಾಯಿಂದ "ಗಾ..." ಎಂದು ಹೊರಬಂದೇ ಹೋಯಿತು.

"ಗಾಳಿ" ಅಂದಳು ಹುಡುಗಿ.

ಪಾಟೀಲ ಗುರುಗಳ ಪೆನ್ನು ನಿಂತಿತು. "ಇದು ಹಿಡಿಯಂಗಿಲ್ರಿ. ನೀವೇ ಹೇಳಿಕೊಟ್ರಲ್ಲ." ನಾನು ಏನೇನೋ ಹೇಳಿದೆ, ಅರ್ಧ ಅಕ್ಷರ ಮಾತ್ರ ಅಂದೆ, ಕೈ ಮುಗಿದೆ. ಶಾಂತಾಬಾಯಿ ನನ್ನತ್ತ ನೋಡಲೂ ಇಲ್ಲ. ಕೊನೆಗೆ ಗುರುಗಳು ಕರಗಿ, "ಶನಿವಾರ ಇನ್ನೊಂದು ಪ್ರಶ್ನಿ. ಒಂದೇ. ನಾನೇ ಕೇಳತೇನಿ. ಬಂತೋ ಮೂರನೇದು, ಇಲ್ಲೋ ಎರಡನೇದು" ಅಂದರು. ಸುಜಾತಾ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋದಳು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಮಾಲಗಾಂವದ ಹೊಲ

ಮರುದಿನ ಶಾಲೆ ಬಿಟ್ಟ ಮೇಲೆ ಸುಜಾತಾಳ ತಾಯಿಯನ್ನು ಕಂಡು ತಪ್ಪೊಪ್ಪಿಕೊಳ್ಳಬೇಕೆಂದು ಶಾಂತಾಬಾಯಿಯವರ ಹತ್ತಿರ ಹಟ ಮಾಡಿದೆ. ಕಬ್ಬಿನ ಹಂಗಾಮು ಮುಗಿದಿತ್ತು, ತಾಯಿ ಶೇವಂತಾ ಮಾಲಗಾಂವದ ಒಂದು ಹೊಲದಲ್ಲಿ ಅರಿಶಿನದ ಕೆಲಸಕ್ಕೆ ಹೋಗುತ್ತಿದ್ದಳು. ಬಸ್ಸಿಳಿದು ದ್ರಾಕ್ಷಿ ತೋಟದ ಬದಿಯಲ್ಲಿ ಇಬ್ಬರೂ ನಡೆದೆವು. ದೂರದಿಂದಲೇ ವಾಸನೆ ಬಂತು, ಮಣ್ಣಿನದೂ ಅಲ್ಲ, ಅಡಿಗೆಯದೂ ಅಲ್ಲ. ದೊಡ್ಡ ಕಡಾಯಿಯಲ್ಲಿ ಹಸಿ ಅರಿಶಿನ ಕುದಿಯುತ್ತಿತ್ತು. ನಮ್ಮ ಆಲೆಮನೆಯ ಕೊಪ್ಪರಿಗೆ ನೆನಪಾಯಿತು, ಆದರೆ ನಮ್ಮಲ್ಲಿ ಬೆರಳು ಅದ್ದಿ ನೆಕ್ಕಬಹುದು. ಇಲ್ಲಿ ಎಲ್ಲರ ಕೈ, ಸೀರೆ, ಹುಬ್ಬು ಕೂಡ ಹಳದಿ, ಊರಿಗೆ ಊರೇ ಮದುವೆಗೆ ಕೂತ ಹಾಗೆ.

"ಕುದಿಸಿ, ಒಣಗಿಸಿ, ತಿಕ್ಕಿ, ಆಮ್ಯಾಲ ಹರಿಪುರದ ಹಗೇವಿಗೆ ಹೋಗತೈತ್ರಿ" ಎಂದು ಶೇವಂತಾ ಕೆಲಸ ವಿವರಿಸಿದಳು. ಮಗಳು ಪಕ್ಕದಲ್ಲಿ ಉರುವಲು ಒಟ್ಟುತ್ತಿದ್ದಳು. ನಾನು ಬುಧವಾರದ ಕಥೆ ಹೇಳಿ ಕ್ಷಮೆ ಕೇಳಿದೆ.

ಅವಳು ಬೈಯಲಿಲ್ಲ. "ಕುಂದ್ರಿ ಮಾವಶಿ" ಎಂದು ಚಿಕ್ಕಮ್ಮನನ್ನು ಕರೆದ ಹಾಗೆ ಕರೆದು ತನ್ನ ಸೆರಗಿನಿಂದ ಕಲ್ಲು ಒರೆಸಿದಳು. ರೊಟ್ಟಿ, ಕಡಲೆಹಿಟ್ಟಿನ ಝುಣಕ ಕೊಟ್ಟಳು.

"ಐದು ತಿಂಗಳು ಚೀಟಿ ಹೆಂಗೆ ಕೇಳ್ತಿದ್ದೆಯಮ್ಮ? ನಿಂಗೆ ಓದು ಬರುತ್ತಾ?"

"ಎಲ್ಲೀದು ರೀ, ನನಗ ಸಹಿನೂ ಬರಂಗಿಲ್ಲ. ಆಕಿನೇ ಚೀಟಿ ಓದ್ತಾಳ, ಆಕಿನೇ ಹೇಳ್ತಾಳ. ನಾ ಬರೇ 'ಮತ್ತ?' ಅಂತೇನಿ. ನಿಂತ್ಲಂದ್ರ ಮತ್ತ 'ಮತ್ತ?' ಅಂತೇನಿ. ಶಾಂತಾಬಾಯಾರು ಅಷ್ಟೇ ಮಾಡಂದಿದ್ರು." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳುವವಳ ಹಾಗೆ ಅಂದಳು: "ನನಗೂ ಬರತಿದ್ರ ನಾನೂ ಹೇಳಿಕೊಟ್ಟುಬಿಡ್ತಿದ್ನಿ ರೀ. ಬರಂಗಿಲ್ಲ, ಅದಕ್ಕ ಸುಮ್ಮ ಕುಂತೇನಿ."

ನನ್ನ ತರಬೇತಿ, ನನ್ನ ಹತ್ತೊಂಬತ್ತು ವರ್ಷದ ಅನುಭವ ಎಲ್ಲ ಅಲ್ಲೇ ಆ ಒಲೆಗೆ ಹಾಕಿಬಿಡೋಣ ಅನ್ನಿಸಿತು. ಎರಡನೆಯ ರೊಟ್ಟಿಯನ್ನೂ ತಿಂದೆ.

ಸಾಂಗಲಿ, ಹರಿಪುರ

ಶುಕ್ರವಾರ ಶಾಂತಾಬಾಯಿ ರಜೆ ಹಾಕಿ ಸಾಂಗಲಿಗೆ ಕರೆದುಕೊಂಡು ಹೋದರು. ಸಿಟ್ಟು ಇಳಿದಿತ್ತೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ. ಅವರ ತಂದೆ ಪಕ್ಕದ ಹರಿಪುರದಲ್ಲಿ ಹೋದ ವರ್ಷದ ಹಗೇವೊಂದನ್ನು ತೆಗೆಸುವವರಿದ್ದರು. ಬಯಲಿನ ನಡುವೆ ಮಣ್ಣು ಸರಿಸಿ ಮುಚ್ಚಳ ಎತ್ತಿದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಎರಡಾಳಿಗೂ ಮಿಕ್ಕ ಆಳ, ತುಂಬ ಅರಿಶಿನ. ನಾನು ಬಗ್ಗಿ ನೋಡಲು ಹೋದೆ. ಮುದುಕರು ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

"ಅಲ್ಲೇ ನಿಂದ್ರವ್ವಾ! ಒಳಗ ಉಸುರು ಇರಂಗಿಲ್ಲ."

ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅದು ಆರಿತು. ಎಲ್ಲರೂ ಹೋಗಿ ಮರದ ನೆರಳಿಗೆ ಕೂತು ಎಲೆಅಡಿಕೆ ತೆಗೆದರು. ಎಷ್ಟು ಹೊತ್ತು ಅಂದೆ. "ದೀಪಾ ಉರಿಯೂತನ" ಅಂದರು ಅಷ್ಟೇ. ನಮ್ಮೂರಿನಲ್ಲಿ ಇಷ್ಟು ಗಂಡಸರು ಕೆಲಸ ನಿಲ್ಲಿಸಿ ಕೂತರೆ ಯಾರಾದರೂ ಒಬ್ಬ ಗದರುತ್ತಾನೆ. ಇಲ್ಲಿ ಯಾರಿಗೂ ಅವಸರವಿಲ್ಲ. ಅವಸರ ಮಾಡಿ ಇಳಿದು ಮೇಲೆ ಬಾರದವರ ಮಾತನ್ನು ಮುದುಕರು ಮೆಲ್ಲಗೆ ಹೇಳಿದರು. ಗಂಟೆಗಟ್ಟಲೆ ಕಾದ ಮೇಲೆ ಮೂರನೆಯ ಸಲಕ್ಕೆ ದೀಪ ಉರಿಯಿತು, ಆಳು ಇಳಿದ, ಮೊದಲ ಬುಟ್ಟಿ ಮೇಲೆ ಬಂತು. ಬಂಗಾರದ ತುಂಡುಗಳು ಅನ್ನಿ!

"ಸಣ್ಣಾಕಿದ್ದಾಗ ಇಲ್ಲೇ ಕುಂತು ಕಾಯ್ತಿದ್ನಿ ರೀ" ಎಂದರು ಶಾಂತಾಬಾಯಿ. "ಹುಡುಗರನ್ನ ಕೇಳಿದ ಮ್ಯಾಲ ಸುಮ್ಮನಿರೋದು ನನಗ ಟ್ರೇನಿಂಗಿನಾಗ ಯಾರೂ ಕಲಿಸಿಲ್ಲ. ಇಲ್ಲೇ ಬಂದದ್ದು." ಅಷ್ಟು ಹೇಳಿ, "ನಾಳೆ ನೀವು ಬರ್ತೀರೇನ್ರಿ?" ಎಂದು ಕೇಳಿದರು.

"ಬಾಯಿಗೆ ಬೀಗ ಹಾಕ್ಕೊಂಡು ಬರ್ತೀನಿ" ಅಂದೆ. ಮೊದಲ ಸಲ ಅವರು ನಕ್ಕರು.

ಶನಿವಾರ

ಬೆಳಗಿನ ಶಾಲೆ. ಶೇವಂತಾ ಕೆಲಸ ಬಿಟ್ಟು ಬಂದು ಬಾಗಿಲ ಹೊರಗೆ ನಿಂತಿದ್ದಳು. ಕುಂದ್ರು ಅಂದರೂ ಕೂರಲಿಲ್ಲ.

ಪಾಟೀಲ ಗುರುಗಳು ನನ್ನನ್ನು ನೋಡಿ, "ಹರಿಪುರ ನೋಡಿ ಬಂದ್ರಿ ಅಂತಲ್ಲ? ಛಲೋ ಆತು" ಎಂದು ಏನೋ ಹೊಳೆದವರಂತೆ ಹುಡುಗಿಯ ಕಡೆ ತಿರುಗಿದರು. "ಬೀಜಾ ಮೊಳೀಲಿಕ್ಕೆ ನೀರು, ಕಾವು, ಗಾಳಿ ಬೇಕು. ಬುಧವಾರದ್ದು ಆತು, ಅದನ್ನ ಕೇಳಂಗಿಲ್ಲ. ಈಗ ಹೇಳು. ಹರಿಪುರದ ಹಗೇವಿನಾಗ ಅರಿಶಿಣಾ ವರ್ಷಗಟ್ಟಲೆ ಇರತೈತಿ. ಅದು ಯಾಕ ಮೊಳಕಿ ಒಡಿಯಂಗಿಲ್ಲ?"

ನನಗೆ ಉತ್ತರ ಥಟ್ಟನೆ ಹೊಳೆಯಿತು. ಗಾಳಿ ಇಲ್ಲ! ದೀಪವೇ ಆರಿದ್ದನ್ನು ಕಣ್ಣಾರೆ ನೋಡಿ ಬಂದವಳು ನಾನು. ಇಷ್ಟು ಸುಲಭದ ಪ್ರಶ್ನೆ ಕೇಳಿದರಲ್ಲ, ದೇವರಂಥ ಮನುಷ್ಯ ಅಂದುಕೊಂಡೆ.

ಸುಜಾತಾ ಹುಬ್ಬು ಗಂಟಿಕ್ಕಿದಳು. ತುಟಿ ಅಲುಗಿತು, ನಿಂತಿತು. ಅದೇ 'ಗಾ' ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಹೇಳೇ ತಾಯಿ, ಬುಧವಾರ ಹೇಳಿದ ಮಾತೇ ಕಣೇ! ಸೆರಗಿನ ಅಂಚನ್ನು ಬಾಯಿಗೆ ತುರುಕಿಕೊಂಡು ದವಡೆ ಒತ್ತಿ ಹಿಡಿದೆ. ಗುರುಗಳು ಗಡಿಯಾರ ನೋಡಿದರು. ಶಾಂತಾಬಾಯಿ ನೆಲ ನೋಡುತ್ತಿದ್ದರು. ಇಡೀ ಕ್ಲಾಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬಾಗಿಲ ಹೊರಗಿನಿಂದ ಮೆಲ್ಲಗೆ ಒಂದು ದನಿ ಬಂತು: "ಮತ್ತ?"

"ಕುದಿಸಿರ್ತಾರಲ್ರೀ" ಅಂದಳು ಸುಜಾತಾ.

"ಏನು?" ಅಂದರು ಗುರುಗಳು.

"ಹಗೇವಿಗೆ ಹಾಕೂ ಮೊದ್ಲ ಅದನ್ನ ಕಡಾಯ್ಯಾಗ ಕುದಿಸಿರ್ತಾರ್ರಿ. ಒಳಗ ಗಾಳಿ ಇಲ್ಲ ಖರೆ, ಆದ್ರ ಅದನ್ನ ಹೊರಗಿಟ್ರೂ ಮೊಳಿಯಂಗಿಲ್ಲ. ಬಿತ್ತಾಕ ಬ್ಯಾರೇನೇ ತಗದಿಡ್ತಾರ್ರಿ. ಅದನ್ನ ಕುದಸಂಗಿಲ್ಲ."

ಶಾಂತಾಬಾಯಿ, ಅರಿಶಿನದ ವ್ಯಾಪಾರಿಯ ಮಗಳು, ಗೋಡೆಗೆ ಮುಖ ಮಾಡಿ ನಗು ತಡೆಯುತ್ತಿದ್ದರು. "ನಮ್ಮ ಬುಧಗಾಂವದಾಗ ಮನಿ ಮುಂದನ ಕುದಸ್ತಾರ್ರಿ" ಎಂದು ಗುರುಗಳು ನನಗೆ ಹೇಳಿದರು, ಕ್ಷಮೆ ಕೇಳುವ ದನಿಯಲ್ಲಿ. "ಹುಟ್ಟಿದಾಗಿಂದ ನೋಡೇನಿ. ನನಗ ಹೊಳಿಲಿಲ್ಲ." ಪೆನ್ನು ತೆಗೆದು ಪುಸ್ತಕದಲ್ಲಿ ಬರೆದರು.

ನಾನು 'ಗಾ' ಅಂದಿದ್ದರೆ ಆ ಮಗು ಗಾಳಿ ಅನ್ನುತ್ತಿತ್ತು. ಗುರುಗಳು ಸರಿ ಅನ್ನುತ್ತಿದ್ದರೋ, ಹೇಳಿಕೊಟ್ಟದ್ದು ಅನ್ನುತ್ತಿದ್ದರೋ, ಅದು ಬೇರೆ ಮಾತು. ಆ ಉತ್ತರ ಮಾತ್ರ ಅವಳ ಒಳಗೇ ಉಳಿದುಹೋಗುತ್ತಿತ್ತು.

ಹೊರಗೆ ಶಾಂತಾಬಾಯಿ, "ಆತು ಶೇವಂತಾ, ಮೂರನೇದಕ್ಕ ಹೋದ್ಲು" ಅಂದರು. "ಮತ್ತ?" ಅಂದಳು ತಾಯಿ ಅಭ್ಯಾಸಬಲದಿಂದ. ಹೇಳಿದ ಮೇಲೆ ಅವಳಿಗೇ ನಗು ಬಂತು, ನಗುತ್ತಲೇ ಹಳದಿ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಹಳದಿ ಮಾಡಿಕೊಂಡಳು.

ಸುಜಾತಾ ನನ್ನ ಹತ್ತಿರ ಬಂದು ನಿಂತಳು. ಬಹಳ ಹೊತ್ತು ಯೋಚಿಸಿ ಹೇಳಿದಳು: "ಬುಧವಾರದ್ದೂ ನನಗ ಬರತಿತ್ರಿ. ಹುಡುಕಾಕತ್ತಿದ್ನಿ."

"ಗೊತ್ತಮ್ಮ" ಅಂದೆ.

ಊರು

ಜೂನ್‌ನಲ್ಲಿ ಶಾಲೆ ಶುರುವಾಯಿತು. ಕುಂಬಾರರ ಮನೆಯಿಂದ ಮೂರು ಗಡಿಗೆ ತರಿಸಿದೆ. ಕೆಲವು ವಾರದ ಮೇಲೆ ಎರಡನೆಯದರಿಂದ ಚೀಟಿ ತೆಗೆದು ಸಿದ್ದೇಗೌಡನೆಂಬ ಹುಡುಗನನ್ನು ಕೇಳಿದೆ. ಅವನು ಎದ್ದು ನಿಂತ. ಮಾಮೂಲಿನಂತೆ ನನ್ನ ತುಟಿಯನ್ನೇ ನೋಡುತ್ತ ಮೊದಲಕ್ಷರಕ್ಕೆ ಕಾದ. ನಾನು ದವಡೆ ಒತ್ತಿ ಹಿಡಿದುಕೊಂಡು ಕೂತೆ. ಅವನು ಇನ್ನಷ್ಟು ಹೊತ್ತು ನೋಡಿದ. ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಣ್ಣು ತೆಗೆದು ಸೂರಿನ ಕಡೆ ಹೊರಳಿಸಿದ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕ್ಲಾಸಿನ ಮಗುವೊಂದು ಸೂರು ನೋಡಿದ್ದು ಅದೇ ಮೊದಲು.

ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: "ಟೀಚರ್, ಹಲ್ಲು ನೋಯ್ತಾ ಐತಾ?"

ಇಲ್ಲವೆಂದು ತಲೆಯಾಡಿಸಿ, ಸಿದ್ದೇಗೌಡನ ಕಡೆ ತಿರುಗಿ, "ಮತ್ತೆ?" ಅಂದೆ.